ಒಕ್ಕಲು ಸಂಸಾರಕ್ಕೆ ವರ್ಷಕ್ಕೆ ಎಷ್ಟು ಆದಾಯವಿದ್ದರೆ ಸಾಕು?

ರಾಗಿ ಎಕರೆಗೆ ಎಷ್ಟು ಕ್ವಿಂಟಲ್ ಬಂತು, ಹಸು ದಿನಕ್ಕೆ ಎಷ್ಟು ಲೀಟರ್ ಕರೆಯುತ್ತದೆ, ಗೂಡು ಕಿಲೋಗೆ ಯಾವ ದರಕ್ಕೆ ಹೋಯಿತು ಎಂದು ಕೇಳಿದರೆ ನಮ್ಮ ರೈತರು ತಡವರಿಸದೆ ಉತ್ತರ ಹೇಳುತ್ತಾರೆ. "ನಿಮ್ಮ ಸಂಬಳ ಎಷ್ಟು?" ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ನೌಕರಿಗೆ ತಾನೆ ಸಂಬಳ, ಬೇಸಾಯಕ್ಕೆಲ್ಲಿಯ ಸಂಬಳ ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು.

ಆದರೆ ಈ ಪ್ರಶ್ನೆ ಈಗ ಮನೆಯೊಳಗೇ ಬಂದು ಕುಳಿತಿದೆ. ಐ.ಟಿ.ಐ. ಮುಗಿಸಿದ ಮಗನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ತಿಂಗಳಿಗೆ 18,000 ರೂಪಾಯಿ ಕೊಡುತ್ತಾರಂತೆ. ಊರಿನಲ್ಲಿ ಉಳಿದರೆ ಅವನಿಗೆ ಎಷ್ಟು ಸಿಗುತ್ತದೆ ಎಂಬುದು ತಂದೆಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. ಗೊತ್ತಿರುವ ಅಂಕಿ ಒಂದೇ ಆದಾಗ ಮನಸ್ಸು ಅತ್ತ ವಾಲುವುದು ಸಹಜ. ಲೆಕ್ಕವಿಲ್ಲದೆ ಹೋದವರೂ ಉಂಟು, ಲೆಕ್ಕವಿಲ್ಲದೆ ಉಳಿದವರೂ ಉಂಟು. ಇಬ್ಬರೂ ಮುಂದೆ ಕೊರಗುವುದನ್ನು ಕಾಣುತ್ತೇವೆ.

ವರ್ಷಕ್ಕೆ ಎಷ್ಟು ಆದಾಯವಿದ್ದರೆ ಒಂದು ಒಕ್ಕಲು ಸಂಸಾರ ನೆಮ್ಮದಿಯಿಂದ ಬಾಳಬಹುದು? ಎಲ್ಲರಿಗೂ ಹೊಂದುವ ಒಂದೇ ಅಂಕಿ ಇಲ್ಲ. ಆದರೆ ಪ್ರತಿಯೊಂದು ಮನೆಯೂ ತನ್ನ ಅಂಕಿಯನ್ನು ತಾನೇ ಕಂಡುಕೊಳ್ಳಬಹುದು. ಅದಕ್ಕೆ ಮೂರು ಲೆಕ್ಕಗಳು ಬೇಕು: ಮನೆಗೆ ಬೇಕಾದದ್ದು ಎಷ್ಟು, ಹೊಲ ಕೊಡುವುದು ಎಷ್ಟು, ಮಳೆ ಕೈಕೊಟ್ಟ ವರ್ಷ ಉಳಿಯುವುದು ಎಷ್ಟು. ಈ ಮೂರನ್ನೂ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರೈತನ ಸಂಬಳ ಯಾವುದು?

ಮಾರುಕಟ್ಟೆಯಲ್ಲಿ ಎಣಿಸಿಕೊಂಡ ಹಣವೆಲ್ಲ ಆದಾಯ ಎಂದು ತಿಳಿಯುವುದು ದೊಡ್ಡ ತಪ್ಪು. ಅದು ಒಟ್ಟು ಉತ್ಪತ್ತಿ ಮಾತ್ರ. ಅದರಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಹಿಂಡಿ ಬೂಸಾ, ಔಷಧಿ ಮತ್ತು ಸಾಲದ ಬಡ್ಡಿಯನ್ನು ಕಳೆಯಬೇಕು. ಇದರ ಜೊತೆಗೆ ಪಂಪ್‌ಸೆಟ್, ಕೊಟ್ಟಿಗೆ ಮತ್ತು ಹುಳು ಮನೆಗಳ ಸವಕಳಿಯನ್ನೂ ಕಳೆಯಬೇಕು. ಹೀಗೆ ಎಲ್ಲ ಕಳೆದು ಉಳಿದದ್ದೇ ಸಂಸಾರದ ಸಂಬಳ.

ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬೇಸಾಯದ ಖರ್ಚನ್ನು ಹಲವು ಮಟ್ಟಗಳಲ್ಲಿ ಲೆಕ್ಕ ಹಾಕುತ್ತದೆ. ಕೈಯಿಂದ ಕೊಟ್ಟ ಖರ್ಚು ಮತ್ತು ಸವಕಳಿ ಸೇರಿದ್ದು ಎ-2. ಅದಕ್ಕೆ ಮನೆಯವರ ದುಡಿಮೆಯ ಕೂಲಿಯನ್ನು ಕೂಡಿಸಿದರೆ ಎ-2 ಮತ್ತು ಕುಟುಂಬ ಶ್ರಮ. ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಕೂಡ ಸೇರಿದರೆ ಸಿ-2. ಒಟ್ಟು ಉತ್ಪತ್ತಿಯಲ್ಲಿ ಎ-2 ಕಳೆದಾಗ ಉಳಿಯುವ ಹಣದಲ್ಲಿ ಮನೆಮಂದಿಯ ಕೂಲಿ, ಜಮೀನಿನ ಗೇಣಿ, ಬಂಡವಾಳದ ಬಡ್ಡಿ ಎಲ್ಲವೂ ಅಡಗಿವೆ. ಅದರಾಚೆ ಏನಾದರೂ ಮಿಕ್ಕಿದರೆ ಅದೇ ನಿಜವಾದ ಲಾಭ.

ಡಾ. ಎಂ.ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗವು 2006ರಲ್ಲಿ ತನ್ನ ಕೊನೆಯ ವರದಿಯನ್ನು ಕೊಟ್ಟಿತು. ರೈತನ ಕೈಗೆ ಉಳಿಯುವ ನಿವ್ವಳ ಆದಾಯವು ಸರ್ಕಾರಿ ನೌಕರರ ಆದಾಯಕ್ಕೆ ಸರಿಹೋಲುವಂತಿರಬೇಕು ಎಂಬುದು ಆ ಆಯೋಗದ ಆಶಯಗಳಲ್ಲಿ ಒಂದು. ವಾಸ್ತವ ಸ್ಥಿತಿ ಬೇರೆಯಾಗಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 77ನೇ ಸುತ್ತಿನ ಪ್ರಕಾರ 2018-19ರಲ್ಲಿ ದೇಶದ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಕರ್ನಾಟಕದಲ್ಲಿ 13,441 ರೂಪಾಯಿ. ದೇಶದ ಸರಾಸರಿಯಲ್ಲಿ ಕೂಲಿ ಮತ್ತು ಸಂಬಳದಿಂದ ಬಂದದ್ದು 4,063 ರೂಪಾಯಿ, ಬೆಳೆಯಿಂದ 3,798 ರೂಪಾಯಿ, ಪಶುಪಾಲನೆಯಿಂದ 1,582 ರೂಪಾಯಿ. ಅಂದರೆ ಬೆಳೆಗಿಂತ ಹೊರಗಿನ ದುಡಿಮೆಯೇ ಮುಂದಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕಗಳನ್ನು ನೋಡಬೇಕು.

ಮೊದಲನೆಯ ಲೆಕ್ಕ: ಮನೆಗೆ ಬೇಕಾದದ್ದು

ಉದಾಹರಣೆಗೆ ಪೂರ್ವ ಒಣ ವಲಯದ, ಅಂದರೆ ಕೋಲಾರ, ತುಮಕೂರು ಕಡೆಯ ಒಂದು ಕುಟುಂಬವನ್ನು ಭಾವಿಸಿಕೊಳ್ಳೋಣ. ಯಜಮಾನ, ಅವನ ಹೆಂಡತಿ, ವಯಸ್ಸಾದ ತಾಯಿ, ಐ.ಟಿ.ಐ. ಮುಗಿಸಿದ ಮಗ, ಪದವಿ ಓದುತ್ತಿರುವ ಮಗಳು, ಹೀಗೆ ಐದು ಜನ. ಜಮೀನು 4 ಎಕರೆ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಓದುಗರು ತಮ್ಮ ಊರಿನ ದರ, ತಮ್ಮ ಮನೆಯ ಖರ್ಚು ಹಾಕಿಕೊಳ್ಳಬೇಕು.

ಲೆಕ್ಕವನ್ನು ಊಟದಿಂದ ಪ್ರಾರಂಭಿಸಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯಂತೆ ಒಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು ಮತ್ತು 300 ಮಿಲಿಲೀಟರ್ ಹಾಲು ಬೇಕು. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನೂ ಹೆಚ್ಚು ಬೇಕು. ಇದರಂತೆ ಐದು ಜನರಿಗೆ ವರ್ಷಕ್ಕೆ:

ರಾಗಿ 350 ಕಿಲೋ (ಕಿಲೋಗೆ 45 ರೂ.): 15,750 ರೂ.
ಅಕ್ಕಿ 200 ಕಿಲೋ: 9,000 ರೂ.
ಬೇಳೆಕಾಳು 155 ಕಿಲೋ (ಕಿಲೋಗೆ 100 ರೂ.): 15,500 ರೂ.
ಹಾಲು 550 ಲೀಟರ್ (ಲೀಟರಿಗೆ 40 ರೂ.): 22,000 ರೂ.
ತರಕಾರಿ, ಸೊಪ್ಪು, ಹಣ್ಣು: 21,900 ರೂ.
ಅಡುಗೆ ಎಣ್ಣೆ 50 ಕಿಲೋ: 7,500 ರೂ.
ಬೆಲ್ಲ, ಸಕ್ಕರೆ, ತೆಂಗಿನಕಾಯಿ, ಸಾಂಬಾರ ಪದಾರ್ಥ, ಮೊಟ್ಟೆ, ಮಾಂಸ ಇತ್ಯಾದಿ: 24,350 ರೂ.
ಊಟದ ಒಟ್ಟು: 1,16,000 ರೂ.

ಉಳಿದ ಖರ್ಚು:

ಬಟ್ಟೆ, ಚಪ್ಪಲಿ: 20,000 ರೂ.
ಗ್ಯಾಸು, ಮೊಬೈಲು, ಸಾಬೂನು ಇತ್ಯಾದಿ: 24,000 ರೂ.
ಮಗಳ ಓದು, ಹಾಸ್ಟೆಲು, ಪುಸ್ತಕ: 55,000 ರೂ.
ಆಸ್ಪತ್ರೆ, ಮಾತ್ರೆ (ತಾಯಿಯ ಔಷಧಿ ಸೇರಿ): 24,000 ರೂ.
ಮನೆ ದುರಸ್ತಿ: 12,000 ರೂ.
ಹಬ್ಬ, ಜಾತ್ರೆ, ನೆಂಟರು, ಮುಯ್ಯಿ, ಓಡಾಟ: 30,000 ರೂ.
ವಿಮೆ, ಪಿಂಚಣಿ ಕಂತು: 15,000 ರೂ.
ಮುಂದಿನ ಕಾಲಕ್ಕೆ ಉಳಿತಾಯ: 36,000 ರೂ.
ಅನಿರೀಕ್ಷಿತ ಖರ್ಚಿಗೆ: 28,000 ರೂ.

ಎಲ್ಲ ಸೇರಿ 3,60,000 ರೂಪಾಯಿ, ಅಂದರೆ ತಿಂಗಳಿಗೆ 30,000 ರೂಪಾಯಿ. ಈ ಕುಟುಂಬದ "ಸಾಕು" ಎಂಬ ಅಂಕಿ ಇದು. ಇದರಲ್ಲಿ ಐಷಾರಾಮ ಏನೂ ಇಲ್ಲ. ಹೊಟ್ಟೆ ತುಂಬ ಊಟ, ಮೈಮುಚ್ಚುವ ಬಟ್ಟೆ, ಮಗಳ ಓದು, ತಾಯಿಯ ಮಾತ್ರೆ, ನಾಲ್ಕು ಜನರ ನಡುವೆ ಮರ್ಯಾದೆಯ ಬದುಕು ಇಷ್ಟೇ ಇವೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಪಟ್ಟಿಯನ್ನು ಯಜಮಾನನೊಬ್ಬನೇ ಕುಳಿತು ಬರೆದರೆ ತಪ್ಪಾಗುತ್ತದೆ. ಎಣ್ಣೆ ಎಷ್ಟು, ಸಾಬೂನು ಎಷ್ಟು, ಮುಯ್ಯಿ ಎಷ್ಟು ಎಂಬುದು ಮನೆಯಾಕೆಗೆ ಗೊತ್ತು. ಓದು ಬಲ್ಲ ಮಕ್ಕಳಿಂದ ಬರೆಸಿ, ಎಲ್ಲರೂ ಕೂಡಿ ನೋಡಬೇಕು. ಎರಡನೆಯದಾಗಿ, ಮನೆಯಲ್ಲೇ ಬೆಳೆದು ತಿಂದದ್ದಕ್ಕೂ ಬೆಲೆ ಕಟ್ಟಬೇಕು. ಈ ಕುಟುಂಬ ತನ್ನದೇ ರಾಗಿ, 100 ಕಿಲೋ ಬೇಳೆ, ಹಾಲು, ಸ್ವಲ್ಪ ತರಕಾರಿ ಸೇರಿ 55,000 ರೂಪಾಯಿಯ ಆಹಾರವನ್ನು ಹೊಲದಿಂದಲೇ ಪಡೆಯುತ್ತದೆ. ಪಟ್ಟಣದಲ್ಲಿ ಇದಕ್ಕೆ ರೊಕ್ಕ ಎಣಿಸಬೇಕು. ಆದ್ದರಿಂದ ಇದು ಖರ್ಚಿನ ಕಡೆಯೂ ಆದಾಯದ ಕಡೆಯೂ ಬರಬೇಕು.

ಎರಡನೆಯ ಲೆಕ್ಕ: ಹೊಲ ಕೊಡುವುದು

ಈ ಕುಟುಂಬದ 3 ಎಕರೆ ಮಳೆಯಾಶ್ರಿತ. ಅಲ್ಲಿ ರಾಗಿ ಮತ್ತು ತೊಗರಿಯ ಅಂತರ ಬೆಳೆ. ಉಳಿದ 1 ಎಕರೆಗೆ ಕೊಳವೆಬಾವಿಯ ನೀರಿದೆ. ಅದರಲ್ಲಿ 20 ಗುಂಟೆ ಹಿಪ್ಪುನೇರಳೆ, 10 ಗುಂಟೆ ಹಸಿರು ಮೇವು, 10 ಗುಂಟೆ ತರಕಾರಿ. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸುಗಳಿವೆ. ರಾಗಿಗೆ 2025-26ರ ಹಂಗಾಮಿನ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಆದರೆ ಬೆಳೆದದ್ದೆಲ್ಲ ಖರೀದಿ ಕೇಂದ್ರಕ್ಕೆ ಹೋಗುವುದಿಲ್ಲವಾದ್ದರಿಂದ ಇಲ್ಲಿ 4,500 ರೂಪಾಯಿ ಹಿಡಿಯಲಾಗಿದೆ. ಲೆಕ್ಕದಲ್ಲಿ ದರವನ್ನು ಕೊಂಚ ಕಡಿಮೆಯೇ ಹಿಡಿಯುವುದು ಕ್ಷೇಮ.

ಒಟ್ಟು ಉತ್ಪತ್ತಿ:

ರಾಗಿ 24 ಕ್ವಿಂಟಲ್ (ಎಕರೆಗೆ 8 ಕ್ವಿಂಟಲ್): 1,08,000 ರೂ.
ತೊಗರಿ 4.5 ಕ್ವಿಂಟಲ್ (ಕ್ವಿಂಟಲಿಗೆ 7,000 ರೂ.): 31,500 ರೂ.
ಹಾಲು 5,000 ಲೀಟರ್: 2,00,000 ರೂ.
ರೇಷ್ಮೆ ಗೂಡು 260 ಕಿಲೋ (400 ಮೊಟ್ಟೆ, ಐದು ಬೆಳೆ, ಕಿಲೋಗೆ 450 ರೂ.): 1,17,000 ರೂ.
ತರಕಾರಿ: 25,000 ರೂ.
ಒಟ್ಟು: 4,81,500 ರೂ.

ಕೈಯಿಂದ ಕೊಟ್ಟ ಖರ್ಚು:

ರಾಗಿ, ತೊಗರಿ (ಎಕರೆಗೆ 14,000 ರೂ.): 42,000 ರೂ.
ಹಸುಗಳಿಗೆ ಹಿಂಡಿ, ಬೂಸಾ, ಚಿಕಿತ್ಸೆ, ವಿಮೆ: 1,00,000 ರೂ.
ಚಾಕಿ ಹುಳು, ಗೊಬ್ಬರ, ಸೋಂಕು ನಿವಾರಕ, ಕೂಲಿ: 40,000 ರೂ.
ತರಕಾರಿ: 9,000 ರೂ.
ಬೆಳೆ ಸಾಲದ ಬಡ್ಡಿ, ಪಂಪ್ ದುರಸ್ತಿ: 10,000 ರೂ.
ಒಟ್ಟು: 2,01,000 ರೂ.

ಉಳಿದದ್ದು 2,80,500 ರೂಪಾಯಿ. ಹೆಚ್ಚಿನವರು ಇಲ್ಲಿಗೆ ಲೆಕ್ಕ ನಿಲ್ಲಿಸುತ್ತಾರೆ. ಆದರೆ 1,00,000 ರೂಪಾಯಿಯ ಪಂಪು ಮತ್ತು ಪೈಪು ಹತ್ತು ವರ್ಷ ಬಾಳಿದರೆ ವರ್ಷಕ್ಕೆ 10,000 ರೂಪಾಯಿ ಸವೆಯುತ್ತದೆ. 2,00,000 ರೂಪಾಯಿಯ ಹುಳು ಮನೆ ಇಪ್ಪತ್ತು ವರ್ಷ ಬಾಳಿದರೆ 10,000 ರೂಪಾಯಿ, ಕೊಟ್ಟಿಗೆಗೆ 3,000 ರೂಪಾಯಿ, ಮೇವು ಕತ್ತರಿಸುವ ಯಂತ್ರ ಮತ್ತು ಸಣ್ಣ ಉಪಕರಣಗಳಿಗೆ 2,500 ರೂಪಾಯಿ. ಸವಕಳಿಯ ಒಟ್ಟು 25,500 ರೂಪಾಯಿ. ಹಳೆಯ ಹಸುವಿನ ಜಾಗಕ್ಕೆ ಮನೆಯ ಕಡಸು ಬರುವುದರಿಂದ ಹಸುವಿಗೆ ಬೇರೆ ಸವಕಳಿ ಹಿಡಿದಿಲ್ಲ. ರಾಗಿ ಹುಲ್ಲು ಮನೆಯ ಹಸುವಿಗೆ, ಸಗಣಿ ಗೊಬ್ಬರ ಮನೆಯ ಹೊಲಕ್ಕೆ ಹೋಗುವುದರಿಂದ ಅವನ್ನು ಎರಡೂ ಕಡೆ ಬಿಡಲಾಗಿದೆ.

ಸವಕಳಿ ಕಳೆದರೆ ಸಂಸಾರದ ಸಂಬಳ 2,55,000 ರೂಪಾಯಿ, ತಿಂಗಳಿಗೆ 21,250 ರೂಪಾಯಿ. ಕೈಯಲ್ಲಿ ಓಡಾಡಿದ್ದು ಸುಮಾರು ನಾಲ್ಕು ಮುಕ್ಕಾಲು ಲಕ್ಷ. ಮನೆಯದಾಗಿ ಉಳಿದದ್ದು ಎರಡೂವರೆ ಲಕ್ಷ.

ಇನ್ನೂ ಒಂದು ಲೆಕ್ಕವಿದೆ. ಗಂಡ, ಹೆಂಡತಿ, ಮಗ ಮೂವರೂ ಸೇರಿ ವರ್ಷಕ್ಕೆ 700 ಪೂರ್ಣ ದಿನಗಳ ಕೆಲಸ ಮಾಡಿದ್ದಾರೆ ಎನ್ನೋಣ. 2,55,000 ರೂಪಾಯಿಯನ್ನು 700ರಿಂದ ಭಾಗಿಸಿದರೆ ದಿನಕ್ಕೆ 364 ರೂಪಾಯಿ. ಹೊರಗಿನ ಗಂಡಾಳಿಗೆ 500 ರೂಪಾಯಿ ಕೂಲಿ ಕೊಟ್ಟ ಮನೆ ತಾನು 364 ರೂಪಾಯಿಗೆ ದುಡಿದಂತಾಯಿತು. ಜಮೀನಿನ ಗೇಣಿ ಇದರಲ್ಲೇ ಮುಳುಗಿಹೋಯಿತು.

ಕೊರತೆ ಅಡಗುವ ಜಾಗ

ಬೇಕಾದದ್ದು 3,60,000, ಬಂದದ್ದು 2,55,000. ಕೊರತೆ 1,05,000 ರೂಪಾಯಿ. ಆದರೂ ಮನೆ ನಡೆಯುತ್ತಿದೆಯಲ್ಲ ಎಂದು ಕೇಳಬಹುದು. ನಡೆಯುತ್ತದೆ, ಆದರೆ ಕೊರತೆ ಕಣ್ಣಿಗೆ ಕಾಣದ ಕಡೆ ಹೋಗಿ ಅಡಗಿರುತ್ತದೆ.

1. ಕರೆದ ಹಾಲೆಲ್ಲ ಡೇರಿಗೆ ಹೋಗುತ್ತದೆ. ಮನೆಯಲ್ಲಿ ಚಹಾಕ್ಕೆ ಬೇಕಾದಷ್ಟೇ ಉಳಿಯುತ್ತದೆ. ಬೇಳೆ ತೆಳ್ಳಗಾಗುತ್ತದೆ. ಇದರ ಭಾರ ಮೊದಲು ಬೀಳುವುದು ಹೆಂಗಸರು ಮತ್ತು ಮಕ್ಕಳ ಮೇಲೆ.
2. ಸವಕಳಿಗೆ ಇಡಬೇಕಾದ ಹಣ ಸಂಸಾರದ ಖರ್ಚಿಗೆ ಹೋಗುತ್ತದೆ. ಪಂಪು ಸುಟ್ಟ ದಿನ ಸಾಲ ಹುಟ್ಟುತ್ತದೆ.
3. ವಿಮೆ ಮತ್ತು ಉಳಿತಾಯ ನಿಲ್ಲುತ್ತವೆ. ಮದುವೆ ಅಥವಾ ಆಸ್ಪತ್ರೆ ಬಂದಾಗ ಬೆಳೆ ಸಾಲವನ್ನು ಅದಕ್ಕೆ ಬಳಸಿ, ಗೊಬ್ಬರಕ್ಕೆ ಕೈಸಾಲ ಮಾಡಬೇಕಾಗುತ್ತದೆ.
4. ತಾಯಿಯ ಮಾತ್ರೆ ತಿಂಗಳಿನ ಕೊನೆಯಲ್ಲಿ ನಾಲ್ಕು ದಿನ ತಪ್ಪುತ್ತದೆ.

ಲೆಕ್ಕ ಬರೆಯುವುದರ ಮುಖ್ಯ ಪ್ರಯೋಜನವೇ ಇದು. ಅಡಗಿದ ಕೊರತೆಯನ್ನು ಹೊರಗೆಳೆದು ತೋರಿಸಿದರೆ ಅದಕ್ಕೆ ದಾರಿ ಹುಡುಕಬಹುದು.

ಮೂರನೆಯ ಲೆಕ್ಕ: ಕೆಟ್ಟ ವರ್ಷ

ನೌಕರನ ಸಂಬಳಕ್ಕೂ ರೈತನ ಸಂಬಳಕ್ಕೂ ಇರುವ ದೊಡ್ಡ ವ್ಯತ್ಯಾಸ ಮಳೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 2023ರಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಅಂಥ ವರ್ಷ ಮೇಲಿನ ಕುಟುಂಬದಲ್ಲಿ ರಾಗಿ ಅರ್ಧಕ್ಕೆ ಇಳಿದರೆ 54,000 ರೂಪಾಯಿ, ತೊಗರಿ ಅರ್ಧಕ್ಕೆ ಇಳಿದರೆ 15,750 ರೂಪಾಯಿ ನಷ್ಟ. ಹುಲ್ಲು ಕೊಳ್ಳಲು 25,000 ರೂಪಾಯಿ ಹೆಚ್ಚಿನ ಖರ್ಚು. ಆ ವರ್ಷದ ಸಂಬಳ 1,60,250 ರೂಪಾಯಿ ಮಾತ್ರ.

ಐದು ವರ್ಷಗಳಲ್ಲಿ ಮೂರು ಸಾಮಾನ್ಯ ವರ್ಷ, ಒಂದು ಕೆಟ್ಟ ವರ್ಷ, ಇನ್ನೊಂದು 40,000 ರೂಪಾಯಿ ಹೆಚ್ಚು ತಂದ ಒಳ್ಳೆಯ ವರ್ಷ ಎಂದು ಹಿಡಿದರೆ ಸರಾಸರಿ 2,44,050 ರೂಪಾಯಿ ಬರುತ್ತದೆ. ಮನೆಯ ಯೋಜನೆಯನ್ನು ಈ ಸರಾಸರಿಯ ಮೇಲೆ ಮಾಡಬೇಕು. ಒಳ್ಳೆಯ ವರ್ಷದ ಆದಾಯ ನೋಡಿ ಖರ್ಚು ಏರಿಸಿದವರು ಕೆಟ್ಟ ವರ್ಷ ಅದನ್ನು ಇಳಿಸಲಾರರು.

ಸರಾಸರಿಯ ಮೇಲೆ ನೋಡಿದರೆ ಕೊರತೆ ಸುಮಾರು 1,16,000 ರೂಪಾಯಿ.

ಕೊರತೆ ತುಂಬುವ ಕ್ರಮಗಳು

ಖರ್ಚು ಉಳಿಸುವುದು ಮೊದಲು, ಇಳುವರಿ ಹೆಚ್ಚಿಸುವುದು ಎರಡನೆಯದು, ಹೊಸ ಬಂಡವಾಳ ಹೂಡುವುದು ಕೊನೆಗೆ. ಈ ಅನುಕ್ರಮ ತಪ್ಪಿದರೆ ಸಾಲ ಬೆಳೆಯುತ್ತದೆ.

1. ಮೇವು: ಹಾಲಿನ ಖರ್ಚಿನಲ್ಲಿ ದೊಡ್ಡ ಪಾಲು ಅಂಗಡಿಯ ಹಿಂಡಿ ಬೂಸಾದ್ದು. ನೀರಾವರಿಯ 10 ಗುಂಟೆಯಲ್ಲಿ ಹೈಬ್ರಿಡ್ ನೇಪಿಯರ್ ಹುಲ್ಲಿನ ಜೊತೆಗೆ ಅಲಸಂದೆಯಂಥ ದ್ವಿದಳ ಮೇವು ಬೆಳೆದು, ಬದುಗಳ ಮೇಲೂ ಹುಲ್ಲು ಕೂರಿಸಿ, ಕತ್ತರಿಸಿ ಹಾಕಿದರೆ ಹಿಂಡಿಯನ್ನು ಹಿತಮಿತವಾಗಿ ಬಳಸಬಹುದು. ಉಳಿತಾಯ 15,000 ರೂಪಾಯಿ.

2. ಗೊಬ್ಬರ: ಮಣ್ಣು ಪರೀಕ್ಷೆ ಮಾಡಿಸಿ ಕೊರತೆ ಇರುವ ಪೋಷಕಾಂಶವನ್ನು ಮಾತ್ರ ಕೊಡುವುದು, ಕೊಟ್ಟಿಗೆ ಗೊಬ್ಬರವನ್ನು ಬಿಸಿಲು ಮಳೆಗೆ ಬಿಡದೆ ಗುಂಡಿಯಲ್ಲಿ ಕಳಿಸುವುದು. ಉಳಿತಾಯ 5,000 ರೂಪಾಯಿ.

3. ರಾಗಿ: ಮಳೆ ಬಿದ್ದ ಕಾಲಕ್ಕೆ ತಕ್ಕ ತಳಿಯನ್ನು ಆರಿಸಬೇಕು. ಬೇಗ ಮಳೆಯಾದರೆ ಎಂ.ಆರ್. 6ರಂಥ ದೀರ್ಘಾವಧಿ ತಳಿ, ಜುಲೈನಲ್ಲಿ ಬಿತ್ತುವುದಾದರೆ ಜಿ.ಪಿ.ಯು. 28 ಅಥವಾ ಎಂ.ಎಲ್. 365ರಂಥ ಮಧ್ಯಮಾವಧಿ ತಳಿ ಸೂಕ್ತ. ಎರಚಿ ಬಿತ್ತುವ ಬದಲು ಕೂರಿಗೆಯಿಂದ ಸಾಲಿನಲ್ಲಿ ಬಿತ್ತಿ, 8 ಸಾಲು ರಾಗಿಗೆ 2 ಸಾಲು ತೊಗರಿ ಇಟ್ಟು, ಸಕಾಲದಲ್ಲಿ ಎಡೆಕುಂಟೆ ಹೊಡೆಯಬೇಕು. ಎಕರೆಗೆ 2 ಕ್ವಿಂಟಲ್ ಹೆಚ್ಚಿದರೂ 3 ಎಕರೆಗೆ 27,000 ರೂಪಾಯಿ. ಹೆಚ್ಚಿನ ಖರ್ಚು 5,000 ಕಳೆದರೆ 22,000 ರೂಪಾಯಿ.

4. ರೇಷ್ಮೆ: ನಂಬಿಕೆಯ ಚಾಕಿ ಕೇಂದ್ರದ ಹುಳು ತಂದು, ಪ್ರತಿ ಬೆಳೆಯ ನಂತರ ಹುಳು ಮನೆ ಮತ್ತು ಚಂದ್ರಿಕೆಗಳಿಗೆ ತಪ್ಪದೆ ಸೋಂಕು ನಿವಾರಣೆ ಮಾಡಿದರೆ 100 ಮೊಟ್ಟೆಗೆ 65 ಕಿಲೋ ಇದ್ದ ಗೂಡು 75 ಕಿಲೋ ಮುಟ್ಟಬಹುದು. ಹೆಚ್ಚುವರಿ 40 ಕಿಲೋಗೆ 18,000 ರೂಪಾಯಿ.

5. ಮೂರನೆಯ ಹಸು: ಮೇಲಿನ ನಾಲ್ಕೂ ಕೈಗೂಡಿದ ಮೇಲೆ ಮಾತ್ರ. ಹಾಲು 1,00,000 ರೂಪಾಯಿ. ಮೇವು, ಹಿಂಡಿ, ಚಿಕಿತ್ಸೆ 45,000. ಸಾಲದ ಬಡ್ಡಿ ಮತ್ತು ವಿಮೆ 10,000. ಉಳಿದದ್ದು 45,000 ರೂಪಾಯಿ. ಮೊದಲ ಎರಡು ವರ್ಷ ಇದರ ದೊಡ್ಡ ಪಾಲು ಅಸಲಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಐದೂ ಸೇರಿ 1,05,000 ರೂಪಾಯಿ. ಸರಾಸರಿ ಆದಾಯ ಸುಮಾರು 3,49,000 ರೂಪಾಯಿಗೆ ಬರುತ್ತದೆ. ಉಳಿದ 11,000 ರೂಪಾಯಿಯನ್ನು ಖರ್ಚಿನ ಪಟ್ಟಿಯಲ್ಲಿ ಸರಿದೂಗಿಸಬಹುದು. ಆದರೆ ಇದು ಒಂದು ವರ್ಷದ ಕೆಲಸವಲ್ಲ. ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಕೊಳವೆಬಾವಿ ಬತ್ತಿದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಆದ್ದರಿಂದ ಹನಿ ನೀರಾವರಿ, ಕೃಷಿ ಹೊಂಡ ಮತ್ತು ಬದು ನಿರ್ಮಾಣಕ್ಕೆ ಮಾಡುವ ಖರ್ಚನ್ನು ಸಂಬಳದ ರಕ್ಷಣೆ ಎಂದೇ ತಿಳಿಯಬೇಕು.

ಮಗ ಹೋಗಬೇಕೆ, ಉಳಿಯಬೇಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಪಟ್ಟಣದ 18,000 ರೂಪಾಯಿಯಲ್ಲಿ ಕೊಠಡಿ ಬಾಡಿಗೆ 5,000, ಊಟ 5,000, ಬಸ್ಸು ಮತ್ತು ಇತರ ಖರ್ಚು 3,000 ಕಳೆದರೆ ತಿಂಗಳಿಗೆ 5,000, ವರ್ಷಕ್ಕೆ 60,000 ರೂಪಾಯಿ ಉಳಿಯಬಹುದು. ಮನೆಯಲ್ಲಿ ಅವನ ಊಟ, ಬಟ್ಟೆ, ಮೊಬೈಲು ಸೇರಿ 30,000 ರೂಪಾಯಿ ತಗ್ಗುತ್ತದೆ. ಆದರೆ ಅವನ ಕೆಲಸಕ್ಕೆ ಸೊಪ್ಪು ಕೊಯ್ಯಲು, ಹುಳು ಹಣ್ಣಾದಾಗ, ಸುಗ್ಗಿಯಲ್ಲಿ 120 ದಿನ ಆಳು ಹಿಡಿಯಬೇಕು. 500 ರೂಪಾಯಿಯಂತೆ 60,000 ರೂಪಾಯಿ. ಎಲ್ಲ ಕೂಡಿ ಕಳೆದರೆ ಅವನು ಹೋಗುವುದರಿಂದ ಮನೆಗೆ 30,000 ರೂಪಾಯಿ ಅನುಕೂಲ.

ಅವನು ಉಳಿದು, ಅವನ ಕೈಬಲದಿಂದ ರೇಷ್ಮೆ ಸುಧಾರಿಸಿ ಮೂರನೆಯ ಹಸು ಕಟ್ಟಿದರೆ 63,000 ರೂಪಾಯಿ ಅನುಕೂಲ. ಅಂದರೆ ಈ ಮನೆಯ ಮಟ್ಟಿಗೆ ಉತ್ತರ ಸ್ಪಷ್ಟ. ಮಗ ಉಳಿದು ಬೇಸಾಯ ಸುಧಾರಿಸಿದರೆ ಉಳಿಯುವುದು ಲಾಭ. ಉಳಿದು ಎಲ್ಲವೂ ಹಿಂದಿನಂತೆಯೇ ನಡೆದರೆ ಹೋಗುವುದೇ ಲಾಭ. 1 ಎಕರೆಯ ಮಳೆಯಾಶ್ರಿತ ಜಮೀನು ಮಾತ್ರ ಇರುವ ಮನೆಯಲ್ಲಿ ಈ ಲೆಕ್ಕ ಮಾಡಿದರೆ ಒಬ್ಬರು ಹೊರಗೆ ದುಡಿಯಬೇಕೆಂದೇ ಬರುತ್ತದೆ. 2015-16ರ ಕೃಷಿ ಗಣತಿಯ ಪ್ರಕಾರ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು ಮೂರೂಕಾಲು ಎಕರೆ. ಹೊರಗಿನ ಆದಾಯ ತರುವುದು ಸೋಲಲ್ಲ, ಅವಮಾನವೂ ಅಲ್ಲ.

ಉಳಿಯುವ ಮಗನ ವಿಷಯದಲ್ಲಿ ಒಂದು ಮಾತು ಬಹು ಮುಖ್ಯ. ಎಷ್ಟೋ ಹುಡುಗರು ಊರು ಬಿಡುವುದು ಆದಾಯ ಕಡಿಮೆ ಎಂಬುದಕ್ಕಿಂತ, ಬಸ್ಸಿನ ಕಾಸಿಗೂ ಅಪ್ಪನ ಮುಂದೆ ಕೈಚಾಚಬೇಕಲ್ಲ ಎಂಬ ಸಂಕೋಚಕ್ಕೆ. ದುಡಿಯುವ ಮಗನಿಗೆ ತಿಂಗಳಿಗೆ 3,000 ರೂಪಾಯಿ ಅವನ ಹೆಸರಿನ ಖಾತೆಗೆ ಕಟ್ಟಬೇಕು. ಅವನ ಬಟ್ಟೆ, ಮೊಬೈಲು, ಓಡಾಟ, ಅವನ ಪಾಲಿನ ಉಳಿತಾಯ ಅದರಲ್ಲೇ ಆಗಲಿ. ಆಗ ಮನೆಯ ಪಟ್ಟಿ ಹೆಚ್ಚುವುದಿಲ್ಲ, ಅವನಿಗೂ ತಾನು ಸಂಬಳಗಾರ ಎಂಬ ಹೆಮ್ಮೆ ಇರುತ್ತದೆ. ಮನೆಯಾಕೆಯ ಹಸುವಿನ ದುಡಿಮೆಗೂ ಇದೇ ನ್ಯಾಯ ಸಲ್ಲಬೇಕು.

ಸಂಬಳ ಪಡೆಯುವ ವಿಧಾನ

1. ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ: ಒಂದು ಹೊಲದ್ದು, ಇನ್ನೊಂದು ಮನೆಯದು. ಹಾಲಿನ ಬಟವಾಡೆ, ಗೂಡಿನ ಹಣ, ರಾಗಿಯ ಹಣ ಎಲ್ಲವೂ ಹೊಲದ ಖಾತೆಗೆ ಹೋಗಬೇಕು.

2. ಸರಾಸರಿ ಸಂಬಳ 2,44,000ದಲ್ಲಿ ಮನೆಯಲ್ಲೇ ತಿಂದ 55,000 ಕಳೆದರೆ ನಗದು 1,89,000 ರೂಪಾಯಿ. ಸುಧಾರಣೆ ಕೈಗೂಡುವವರೆಗೆ ಪ್ರತಿ ತಿಂಗಳ ಮೊದಲ ವಾರ ಹೊಲದ ಖಾತೆಯಿಂದ ಮನೆಯ ಖಾತೆಗೆ 15,000 ರೂಪಾಯಿ ಮಾತ್ರ ಹಾಕಬೇಕು. ಸುಗ್ಗಿಯ ತಿಂಗಳೂ ಅಷ್ಟೇ, ಬಿತ್ತನೆಯ ತಿಂಗಳೂ ಅಷ್ಟೇ.

3. ಹೀಗೆ ಮಾಡಿದರೆ ಮೂರು ಸಾಮಾನ್ಯ ವರ್ಷಗಳಲ್ಲಿ 20,000ದಂತೆ 60,000 ರೂಪಾಯಿ, ಒಳ್ಳೆಯ ವರ್ಷ 60,000 ರೂಪಾಯಿ, ಒಟ್ಟು 1,20,000 ರೂಪಾಯಿ ಹೊಲದ ಖಾತೆಯಲ್ಲಿ ಉಳಿಯುತ್ತದೆ. ಕೆಟ್ಟ ವರ್ಷದ ಕೊರತೆ 74,750 ರೂಪಾಯಿಯನ್ನು ಅದು ತುಂಬುತ್ತದೆ. ಮೊದಲ ವರ್ಷವೇ ಬರ ಬಂದರೆ ನಿಧಿ ಖಾಲಿ ಇರುತ್ತದೆ. ಆದ್ದರಿಂದ ಒಳ್ಳೆಯ ಬೆಳೆ ಬಂದ ವರ್ಷವೇ ಈ ಕ್ರಮವನ್ನು ಪ್ರಾರಂಭಿಸುವುದು ಉತ್ತಮ.

4. ಸವಕಳಿಯ 25,500 ರೂಪಾಯಿಯನ್ನು ಠೇವಣಿಯಲ್ಲಿ ಇಡಬೇಕು. ಇದು ಪಂಪಿನ ಹಣ, ಮನೆಯ ಹಣವಲ್ಲ.

5. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತನು ಕಟ್ಟುವ ಪಾಲು ವಿಮಾ ಮೊತ್ತದ ಶೇಕಡ 2 ಮಾತ್ರ. ಕೊನೆಯ ದಿನಾಂಕದೊಳಗೆ ಕಟ್ಟಬೇಕು. ಹಸುಗಳಿಗೂ ವಿಮೆ ಇರಬೇಕು.

6. ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿದವರಿಗೆ ಬಡ್ಡಿ ರಿಯಾಯಿತಿ ದೊರೆಯುತ್ತದೆ. ಆ ಸಾಲವನ್ನು ಮದುವೆ, ಗೃಹಪ್ರವೇಶಗಳಿಗೆ ಬಳಸಬಾರದು.

"ಸಾಕು" ಎನ್ನುವುದರ ಗುರುತು

ಆದಾಯ ಸಾಕಾಗಿದೆಯೇ ಎಂದು ನೋಡಲು ಪಕ್ಕದ ಮನೆಯ ಕಾರು, ಮಾಳಿಗೆ ಅಳತೆಯಾಗಬಾರದು. ಕೆಳಗಿನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

1. ಮನೆಯ ಎಲ್ಲರಿಗೂ, ಕೊನೆಗೆ ಉಣ್ಣುವ ಮನೆಯಾಕೆಗೂ, ದಿನವೂ ಬೇಳೆ, ಸೊಪ್ಪು, ಹಾಲು ಸಿಗುತ್ತಿದೆಯೇ?
2. ಮಕ್ಕಳ ಓದು ಹಣವಿಲ್ಲದೆ ನಿಂತಿಲ್ಲ ತಾನೆ?
3. ಕಾಯಿಲೆ ಬಂದ ದಿನ ಸಾಲಕ್ಕೆ ಓಡಬೇಕೇ?
4. ಹೊಲದ ಸಾಲ ಹೊಲದ ಬೆಳೆಯಿಂದಲೇ ತೀರುತ್ತಿದೆಯೇ?
5. ಒಂದು ವರ್ಷ ಮಳೆ ಹೋದರೂ ಹಸು ಮಾರದೆ, ಜಮೀನು ಅಡವಿಡದೆ ಮನೆ ನಡೆಯಬಲ್ಲುದೇ?

ಐದಕ್ಕೂ ತೃಪ್ತಿಕರ ಉತ್ತರ ಬಂದರೆ ಆ ಮನೆಯ ಆದಾಯ ಎಷ್ಟೇ ಇರಲಿ, ಅದು ಸಾಕು. ಬಾರದಿದ್ದರೆ ಲಕ್ಷಗಳು ಕೈಯಲ್ಲಿ ಓಡಾಡಿದರೂ ಸಾಲದು. ಅದಕ್ಕಿಂತ ಹೆಚ್ಚು ಬಂದರೆ ಸಂತೋಷವೇ; ಅದನ್ನು ಮಣ್ಣಿಗೆ, ನೀರಿಗೆ, ಮಕ್ಕಳ ವಿದ್ಯೆಗೆ ಹಾಕುವುದು ಒಳಿತು.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಪ್ರತಿ ಹಳ್ಳಿಯಲ್ಲಿ ನಾಲ್ಕೈದು ಕುಟುಂಬಗಳಿಂದಲಾದರೂ ಇಂಥ ಲೆಕ್ಕ ಬರೆಸಿ, ವರ್ಷದ ಕೊನೆಯಲ್ಲಿ ಅವರೊಡನೆ ಕುಳಿತು ನೋಡುವುದು ಉಪಯುಕ್ತ. ಹೊಸ ತಳಿ, ಹೊಸ ಪದ್ಧತಿಯ ಸಲಹೆ ಕೊಡುವಾಗ ಇಳುವರಿ ಎಷ್ಟು ಹೆಚ್ಚುತ್ತದೆ ಎಂದು ಹೇಳಿದರೆ ಸಾಲದು. ಮನೆಯ ಸಂಬಳ ಎಷ್ಟು ಹೆಚ್ಚುತ್ತದೆ ಎಂಬುದನ್ನೂ ಹೇಳಬೇಕು.

ರೈತ ಬಾಂಧವರು ಒಂದು ಇನ್ನೂರು ಪುಟದ ನೋಟ್ ಪುಸ್ತಕ ತಂದು, ಎಡಪುಟದಲ್ಲಿ ಹೊಲದ ಲೆಕ್ಕ, ಬಲಪುಟದಲ್ಲಿ ಮನೆಯ ಲೆಕ್ಕವನ್ನು ಯುಗಾದಿಯಿಂದ ಯುಗಾದಿಗೆ ಬರೆಯಲಿ. ಹಿಂದಿನ ದಿನದ ಲೆಕ್ಕವನ್ನು ಮರುದಿನ ಹಸು ಕರೆದು ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಬರೆದರೆ ಐದು ನಿಮಿಷ ಸಾಕು. ಒಂದು ವರ್ಷ ತುಂಬಿದಾಗ "ನಿಮ್ಮ ಸಂಬಳ ಎಷ್ಟು?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ಮಗ ಹೋಗಬೇಕೆ, ಉಳಿಯಬೇಕೆ ಎಂಬುದನ್ನು ಆಗ ತಂದೆ ಮಗ ಇಬ್ಬರೂ ಪುಸ್ತಕ ಮುಂದಿಟ್ಟುಕೊಂಡು ಕುಳಿತು ತೀರ್ಮಾನಿಸಬಹುದು.